ಮಾಹಿತಿ ಕೊಳ್ಳುವ ಮುನ್ನ ಮೂಲ ಕೇಳಿ
ದತ್ತಾಂಶ ಪರವಾನಗಿ ಕರಾರುಗಳಲ್ಲಿ ಉದ್ಯಮಿಗಳು ಗಮನಿಸಬೇಕಾದ ಕಾನೂನು ಅಂಶಗಳು

ಕಚ್ಚಾ ಸಾಮಗ್ರಿ, ವಿದ್ಯುತ್, ಕೂಲಿ, ಸಾಗಾಟ – ಬೈಕಂಪಾಡಿ ಕೈಗಾರಿಕಾ ಪ್ರದೇಶದ ಯಾವುದೇ ಘಟಕದ ಲೆಕ್ಕಪುಸ್ತಕದಲ್ಲಿ ಈ ನಾಲ್ಕು ಬಾಬತ್ತುಗಳು ಹಳೆಯವು. ಇವುಗಳ ಜೊತೆಗೆ ಈಗ ಐದನೆಯ ಬಾಬತ್ತೊಂದು ಸದ್ದಿಲ್ಲದೆ ಸೇರಿಕೊಂಡಿದೆ. ಅದು ಮಾಹಿತಿಯ ಖರ್ಚು. ಯಾವ ದೇಶದಿಂದ ಯಾರು ಎಷ್ಟು ಸರಕು ತರಿಸಿದರು, ಯಾವ ದರಕ್ಕೆ ತರಿಸಿದರು, ವಿದೇಶದಲ್ಲಿ ಕೊಳ್ಳುವವರು ಯಾರು, ಯಾವ ಜಿಲ್ಲೆಯಲ್ಲಿ ಎಷ್ಟು ಅಂಗಡಿಗಳಿವೆ, ಗ್ರಾಹಕರ ಮೊಬೈಲ್ ಸಂಖ್ಯೆಗಳೇನು ಎಂಬಿತ್ಯಾದಿ ವಿವರಗಳನ್ನು ವಾರ್ಷಿಕ ಚಂದಾ ಪಡೆದು ಒದಗಿಸುವ ಸಂಸ್ಥೆಗಳು ಇಂದು ಅನೇಕ. ದೂರವಾಣಿಯಲ್ಲಿ ಮಾತುಕತೆ, ಇ-ಮೇಲ್‌ನಲ್ಲಿ ದರಪಟ್ಟಿ, ಗಣಕಯಂತ್ರದ ಪರದೆಯ ಮೇಲೆ 'ಒಪ್ಪಿದ್ದೇನೆ' ಎಂಬ ಗುಂಡಿ. ಇಷ್ಟರಲ್ಲಿ ವ್ಯವಹಾರ ಮುಗಿದುಹೋಗುತ್ತದೆ.

ಒಂದು ಲಾರಿ ಉಕ್ಕಿನ ತಗಡು ಕೊಳ್ಳುವಾಗ ತೂಕ, ದರ್ಜೆ, ಬಿಲ್ಲು ಎಲ್ಲವನ್ನೂ ಪರಿಶೀಲಿಸುವ ಉದ್ಯಮಿ ಈ ಐದನೆಯ ಸರಕಿನ ವಿಷಯದಲ್ಲಿ ಮಾತ್ರ ದರವನ್ನಷ್ಟೇ ಕೇಳಿ ಸುಮ್ಮನಾಗುತ್ತಾನೆ. ಈ ಉದಾಸೀನವು ದುಬಾರಿಯಾಗಬಲ್ಲದು. 2022ರಿಂದ ಈಚೆಗೆ ಕಾನೂನಿನಲ್ಲಿ ಆಗಿರುವ ಬದಲಾವಣೆಗಳನ್ನು ಗಮನಿಸಿದರೆ, ದರಕ್ಕಿಂತ ಮೊದಲು ಕೇಳಬೇಕಾದ ಪ್ರಶ್ನೆ 'ಈ ಮಾಹಿತಿ ನಿಮಗೆ ಎಲ್ಲಿಂದ ಬಂತು?' ಎಂಬುದೇ ಆಗಿದೆ.

ಮಾರಾಟವಲ್ಲ, ಅನುಮತಿ

ಮೊದಲು ಒಂದು ಮೂಲಭೂತ ಅಂಶವನ್ನು ಸ್ಪಷ್ಟಪಡಿಸಿಕೊಳ್ಳಬೇಕು. ದತ್ತಾಂಶವನ್ನು 'ಕೊಂಡೆವು' ಎಂದು ವಾಡಿಕೆಯಲ್ಲಿ ಹೇಳಿದರೂ ಕಾನೂನಿನ ದೃಷ್ಟಿಯಲ್ಲಿ ಅದು ಬಹುಮಟ್ಟಿಗೆ ಮಾರಾಟವಲ್ಲ; ಬಳಸಲು ಕೊಟ್ಟ ಪರವಾನಗಿ. ಇದನ್ನು ಅರಿಯಲು ಬೈಕಂಪಾಡಿಯ ಉದ್ಯಮಿ ದೂರ ಹೋಗಬೇಕಾಗಿಲ್ಲ. ಕರ್ನಾಟಕ ಕೈಗಾರಿಕಾ ಪ್ರದೇಶಾಭಿವೃದ್ಧಿ ಮಂಡಳಿಯಿಂದ ನಿವೇಶನ ಪಡೆದವರಿಗೆ ಗುತ್ತಿಗೆ-ಸಹ-ಕ್ರಯದ ಕರಾರು ಪರಿಚಿತವೇ. ನಿವೇಶನ ಕೈಗೆ ಬಂದರೂ ಯಾವ ಉದ್ದೇಶಕ್ಕೆ, ಎಷ್ಟು ಅವಧಿಯೊಳಗೆ, ಯಾವ ಷರತ್ತಿನ ಮೇಲೆ ಎಂಬುದು ಹಂಚಿಕೆ ಪತ್ರದಲ್ಲಿ ಬರೆದಿರುತ್ತದೆ. ಅನುಮತಿಯಿಲ್ಲದೆ ಇನ್ನೊಬ್ಬರಿಗೆ ವಹಿಸಿಕೊಡುವಂತಿಲ್ಲ. ಹಿಂದಿನ ತಲೆಮಾರಿನವರಿಗಾದರೆ ಮೂಲಗೇಣಿ, ಚಾಲಗೇಣಿಗಳ ವ್ಯತ್ಯಾಸ ತಿಳಿದಿತ್ತು. ದತ್ತಾಂಶದ ಪರವಾನಗಿಯು ಚಾಲಗೇಣಿಯ ಜಾತಿಗೆ ಸೇರಿದ್ದು. ಅವಧಿ ಮುಗಿದೊಡನೆ ಬಿಟ್ಟುಕೊಡಬೇಕಾದದ್ದು.

ಇದರಿಂದ ಎರಡು ಪರಿಣಾಮಗಳು ಉಂಟಾಗುತ್ತವೆ. ಮೊದಲನೆಯದಾಗಿ, ಕರಾರಿನಲ್ಲಿ ಕೊಟ್ಟಿರುವಷ್ಟೇ ಹಕ್ಕು ಬಳಕೆದಾರನಿಗೆ ದೊರೆಯುತ್ತದೆ. ಎರಡನೆಯದಾಗಿ, ತನ್ನಲ್ಲಿ ಇಲ್ಲದ ಹಕ್ಕನ್ನು ಸರಬರಾಜುದಾರನು ಇನ್ನೊಬ್ಬರಿಗೆ ಕೊಡಲಾರನು. ಗೇಣಿದಾರನಿಂದ ಕ್ರಯಪತ್ರ ಬರೆಯಿಸಿಕೊಂಡವನ ಸ್ಥಿತಿ ಏನಾಗುವುದೋ, ಹಕ್ಕಿಲ್ಲದವನಿಂದ ದತ್ತಾಂಶ ಪಡೆದವನ ಸ್ಥಿತಿಯೂ ಅದೇ ಆಗುವುದು.

ಆಮದು-ರಫ್ತು ವಿವರಗಳು ಮತ್ತು 135ಎಎ ಕಲಂ

ನವಮಂಗಳೂರು ಬಂದರಿನ ನೆರಳಿನಲ್ಲೇ ಇರುವ ಬೈಕಂಪಾಡಿಗೆ ಅತ್ಯಂತ ಹತ್ತಿರದ ಉದಾಹರಣೆ ಆಮದು-ರಫ್ತಿನ ವಿವರಗಳದ್ದು. ಗೇರುಬೀಜ ಸಂಸ್ಕರಣೆ ಮಾಡುವ ಒಂದು ಘಟಕವನ್ನು ಊಹಿಸಿಕೊಳ್ಳಬಹುದು. ಆಫ್ರಿಕಾದ ಐವರಿ ಕೋಸ್ಟ್, ಬೆನಿನ್, ಟಾಂಜಾನಿಯಾ ಮೊದಲಾದ ದೇಶಗಳಿಂದ ಕಚ್ಚಾ ಗೇರುಬೀಜ ತರಿಸುವ ಈ ಘಟಕಕ್ಕೆ ಪ್ರತಿಸ್ಪರ್ಧಿಗಳು ಯಾವ ದರಕ್ಕೆ ತರಿಸುತ್ತಿದ್ದಾರೆ ಎಂದು ತಿಳಿಯುವುದು ಸಹಜವಾಗಿಯೇ ಲಾಭಕರ. ಬಿಲ್ ಆಫ್ ಎಂಟ್ರಿ ಮತ್ತು ಶಿಪ್ಪಿಂಗ್ ಬಿಲ್‌ಗಳ ವಿವರಗಳನ್ನು, ಆಮದುದಾರರ ಹೆಸರು, ಪ್ರಮಾಣ, ಮೌಲ್ಯ ಸಹಿತವಾಗಿ ಒದಗಿಸುತ್ತೇವೆಂದು ಹೇಳುವ ಸಂಸ್ಥೆಯಿಂದ ಕರೆ ಬಂದಾಗ ಘಟಕದ ಮಾಲೀಕರು ಒಪ್ಪಿದರೆ ಆಶ್ಚರ್ಯವಿಲ್ಲ.

ಆದರೆ 2022ರ ಹಣಕಾಸು ಕಾಯಿದೆಯ ಮೂಲಕ ಕಸ್ಟಮ್ಸ್ ಕಾಯಿದೆ, 1962ಕ್ಕೆ 135ಎಎ ಎಂಬ ಹೊಸ ಕಲಂ ಸೇರ್ಪಡೆಯಾಯಿತು. ಆಮದು ಅಥವಾ ರಫ್ತಿಗಾಗಿ ದಾಖಲಿಸಿದ ಸರಕಿನ ಮೌಲ್ಯ, ವರ್ಗೀಕರಣ, ಪ್ರಮಾಣ ಅಥವಾ ಆಮದುದಾರ-ರಫ್ತುದಾರರ ವಿವರಗಳನ್ನು ಪ್ರಕಟಿಸುವುದು ಈ ಕಲಮಿನ ಪ್ರಕಾರ ಅಪರಾಧ. ಆರು ತಿಂಗಳವರೆಗೆ ಸೆರೆವಾಸ, ಅಥವಾ 50,000 ರೂಪಾಯಿವರೆಗೆ ದಂಡ, ಅಥವಾ ಎರಡನ್ನೂ ವಿಧಿಸಬಹುದಾಗಿದೆ. ಬೇರೆ ಕಾನೂನಿನ ಅಗತ್ಯಕ್ಕಾಗಿ ಮಾಡಿದ ಪ್ರಕಟಣೆ, ಸಂಬಂಧಪಟ್ಟ ಆಮದುದಾರ ಅಥವಾ ರಫ್ತುದಾರನೇ ನಿರ್ದಿಷ್ಟವಾಗಿ ಅಧಿಕಾರ ಕೊಟ್ಟಿದ್ದ ಪ್ರಕಟಣೆ ಹಾಗೂ ಕೇಂದ್ರ ಸರ್ಕಾರದ ಪ್ರಕಟಣೆಗಳಿಗೆ ವಿನಾಯಿತಿ ಇದೆ. ಮುದ್ರಿತ ಅಥವಾ ವಿದ್ಯುನ್ಮಾನ ರೂಪದಲ್ಲಿ ಸಾರ್ವಜನಿಕರಿಗೆ ದೊರೆಯುವಂತೆ ಮಾಡುವುದೂ 'ಪ್ರಕಟಣೆ'ಯೇ ಎಂದು ವಿವರಣೆಯಲ್ಲಿ ಸ್ಪಷ್ಟಪಡಿಸಲಾಗಿದೆ.

ಈ ಕಲಂ ಗುರಿಯಿಟ್ಟಿರುವುದು ಪ್ರಕಟಿಸುವವನ ಮೇಲೆ. ಚಂದಾ ಕೊಟ್ಟು ಓದಿದವನು ಅಪರಾಧಿ ಎಂದು ಅದು ನೇರವಾಗಿ ಹೇಳುವುದಿಲ್ಲ. ಆದರೂ ಓದಿದವನು ನಿಶ್ಚಿಂತನಾಗಿರುವಂತಿಲ್ಲ. ಪಡೆದ ಪಟ್ಟಿಯನ್ನು ಆತ ತನ್ನ ಅಂತರ್ಜಾಲ ತಾಣದಲ್ಲಿಯೋ ಸುತ್ತೋಲೆಯಲ್ಲಿಯೋ ಹಾಕಿದರೆ ಅವನೂ ಪ್ರಕಾಶಕನಾಗುತ್ತಾನೆ. ಅದಕ್ಕಿಂತ ಮುಖ್ಯವಾದದ್ದು ಹಣದ ಪ್ರಶ್ನೆ. ಕಾನೂನು ನಿಷೇಧಿಸಿದ ಉದ್ದೇಶವುಳ್ಳ ಕರಾರು ಭಾರತೀಯ ಕರಾರು ಕಾಯಿದೆ, 1872ರ 23ನೇ ಕಲಮಿನ ಪ್ರಕಾರ ಶೂನ್ಯ. ವರ್ಷದ ಚಂದಾ ಮುಂಗಡವಾಗಿ ಪಾವತಿಸಿದ ಮೇಲೆ ಸರಬರಾಜುದಾರನು ಸೇವೆ ನಿಲ್ಲಿಸಿದರೆ, ಅಂಥ ಕರಾರಿನ ಆಧಾರದಲ್ಲಿ ನ್ಯಾಯಾಲಯದಿಂದ ಪರಿಹಾರ ಪಡೆಯುವುದು ಅತಿ ಕಷ್ಟ.

ಇಲ್ಲಿ ಸರಬರಾಜುದಾರರೆಲ್ಲರೂ ಕಾನೂನುಬಾಹಿರರೆಂದು ಭಾವಿಸಬೇಕಾಗಿಲ್ಲ. ಅಮೆರಿಕದಲ್ಲಿ ಹಡಗುಗಳ ಸರಕುಪಟ್ಟಿಯ ಕೆಲವು ವಿವರಗಳನ್ನು ಪ್ರಕಟಿಸಲು ಅಲ್ಲಿಯ ಕಾನೂನೇ ಅವಕಾಶ ಕೊಟ್ಟಿದೆ. ಬೇಡವೆನ್ನುವ ವ್ಯಾಪಾರಿ ಗೋಪ್ಯತೆಗೆ ಅರ್ಜಿ ಹಾಕಿಕೊಳ್ಳಬಹುದು. ಭಾರತದಿಂದ ಅಲ್ಲಿಗೆ ಹೋದ ಸರಕಿನ ವಿವರ ಆ ಮಾರ್ಗದಿಂದ ಬಂದಿದ್ದರೆ ಅದು ಬೇರೆ ಮಾತು. ಒಂದೇ ರೀತಿ ಕಾಣುವ ಎರಡು ಪಟ್ಟಿಗಳಲ್ಲಿ ಒಂದು ಸಕ್ರಮ, ಇನ್ನೊಂದು ಅಕ್ರಮ ಆಗಿರಬಹುದು. ಅವುಗಳನ್ನು ಬೇರ್ಪಡಿಸುವುದು ಮೂಲವೊಂದೇ. ಆದುದರಿಂದ ಮೂಲವನ್ನು ಲಿಖಿತವಾಗಿ ಕೇಳಬೇಕು. ಉತ್ತರವನ್ನು ಕರಾರಿನ ಭಾಗವಾಗಿಸಬೇಕು.

ಈ ಕಲಂ ಉದ್ಯಮಿಗಳಿಗೆ ರಕ್ಷಣೆಯೂ ಹೌದು ಎಂಬುದನ್ನು ಮರೆಯಬಾರದು. ಪ್ರತಿಸ್ಪರ್ಧಿಯ ದರ ತನಗೆ ದೊರೆಯುವುದಾದರೆ ತನ್ನ ದರವೂ ಪ್ರತಿಸ್ಪರ್ಧಿಗೆ ದೊರೆಯುತ್ತಿರುತ್ತದೆ.

ಬರಿಯ ಸಂಗತಿಗೆ ಒಡೆತನ ಉಂಟೇ?

ಮೂಲ ಸಕ್ರಮವೆಂದಾದ ಮೇಲೆ ಬರುವ ಪ್ರಶ್ನೆ ಹಕ್ಕಿನ ಸ್ವರೂಪದ್ದು. ಕೃತಿಸ್ವಾಮ್ಯ ಕಾಯಿದೆ, 1957ರ 2(ಒ) ಕಲಮಿನಲ್ಲಿ 'ಸಾಹಿತ್ಯ ಕೃತಿ' ಎಂಬುದರಲ್ಲಿ ಕೋಷ್ಟಕಗಳು, ಸಂಕಲನಗಳು ಮತ್ತು ಗಣಕಯಂತ್ರದ ದತ್ತಸಂಚಯಗಳೂ ಸೇರಿವೆ. ಹಾಗೆಂದು ಪಟ್ಟಿಯಲ್ಲಿರುವ ಪ್ರತಿಯೊಂದು ಅಂಕಿಗೂ ಒಡೆತನವಿದೆ ಎಂದಲ್ಲ. ಬೆವರು ಸುರಿಸಿ ಸಂಗ್ರಹಿಸಿದ ಮಾತ್ರಕ್ಕೆ ಕೃತಿಸ್ವಾಮ್ಯ ಬಾರದು, ಆಯ್ಕೆ ಮತ್ತು ಜೋಡಣೆಯಲ್ಲಿ ಕನಿಷ್ಠ ಮಟ್ಟದ ಸೃಜನಶೀಲತೆ ಇರಬೇಕು ಎಂಬ ತತ್ವವನ್ನು ಸರ್ವೋಚ್ಚ ನ್ಯಾಯಾಲಯವು ಈಸ್ಟರ್ನ್ ಬುಕ್ ಕಂಪನಿ ವಿರುದ್ಧ ಡಿ.ಬಿ. ಮೋದಕ್ ಪ್ರಕರಣದಲ್ಲಿ 2007ರ ಡಿಸೆಂಬರ್‌ನಲ್ಲಿ ಎತ್ತಿಹಿಡಿಯಿತು. ಅಮೆರಿಕದ ಸರ್ವೋಚ್ಚ ನ್ಯಾಯಾಲಯ 1991ರಲ್ಲಿಯೇ ಫೈಸ್ಟ್ ಪ್ರಕರಣದಲ್ಲಿ ದೂರವಾಣಿ ಕೈಪಿಡಿಯ ಹೆಸರು-ಸಂಖ್ಯೆಗಳ ಪಟ್ಟಿಗೆ ಕೃತಿಸ್ವಾಮ್ಯ ಇಲ್ಲವೆಂದು ಹೇಳಿತ್ತು. ಇನ್ನೊಂದೆಡೆ, ಗ್ರಾಹಕರ ವಿಳಾಸಗಳ ಸಂಕಲನವನ್ನು ಕೊಂಡೊಯ್ದ ಮಾಜಿ ನೌಕರನ ವಿರುದ್ಧ ದೆಹಲಿ ಉಚ್ಚ ನ್ಯಾಯಾಲಯವು ಬರ್ಲಿಂಗ್‌ಟನ್ ಹೋಮ್ ಶಾಪಿಂಗ್ ಪ್ರಕರಣದಲ್ಲಿ 1995ರಲ್ಲಿ ತಡೆಯಾಜ್ಞೆ ನೀಡಿತ್ತು.

ವ್ಯಾಪಾರಿಗೆ ಇದರ ಪ್ರಾಯೋಗಿಕ ಅರ್ಥ ಇಷ್ಟೇ: ದತ್ತಾಂಶದ ಸುತ್ತ ಎರಡು ಬೇಲಿಗಳಿವೆ. ಒಂದು ಕೃತಿಸ್ವಾಮ್ಯದ್ದು, ಇನ್ನೊಂದು ಕರಾರಿನದ್ದು. ಮೊದಲನೆಯ ಬೇಲಿ ಹಲವೆಡೆ ಸಡಿಲ. ಆದರೆ ಎರಡನೆಯದಕ್ಕೆ ಸಹಿ ಹಾಕಿದವನು ತಾನೇ ಒಳಗೆ ನಿಂತಿರುತ್ತಾನೆ. 'ಇದು ಬರಿಯ ಅಂಕಿ-ಅಂಶ, ಇದಕ್ಕೆ ಕೃತಿಸ್ವಾಮ್ಯವೇ ಇಲ್ಲ' ಎಂಬ ವಾದ ಕರಾರನ್ನು ಮುರಿದವನಿಗೆ ಹೆಚ್ಚಿನ ಆಶ್ರಯ ಕೊಡಲಾರದು. ಇದಲ್ಲದೆ ಮಾಹಿತಿ ತಂತ್ರಜ್ಞಾನ ಕಾಯಿದೆ, 2000ದ 43ನೇ ಕಲಮು ಅನುಮತಿಯಿಲ್ಲದೆ ಗಣಕಯಂತ್ರದಿಂದ ದತ್ತಾಂಶವನ್ನು ಇಳಿಸಿಕೊಳ್ಳುವುದನ್ನೂ ನಕಲು ಮಾಡುವುದನ್ನೂ ಪರಿಹಾರಕ್ಕೆ ಗುರಿಪಡಿಸಿದೆ. ಒಬ್ಬರ ಗುಪ್ತಪದವನ್ನು ಹತ್ತು ಮಂದಿ ಬಳಸುವ ಕಛೇರಿಗಳು ಇದನ್ನು ಗಮನಿಸುವುದು ಒಳಿತು.

ಬಳಕೆಯ ಎಲ್ಲೆಗಳು

ಪರವಾನಗಿಯ ಜಗಳಗಳು ಹೆಚ್ಚಾಗಿ ಹುಟ್ಟುವುದು ಬಳಕೆಯ ಎಲ್ಲೆಯ ಕುರಿತು. ಕರ್ನಾಟಕದಲ್ಲೇ ಇದಕ್ಕೆ ಈಚಿನ ನಿದರ್ಶನವಿದೆ. ನಕಾಶೆ ದತ್ತಾಂಶ ಒದಗಿಸುವ ಸಿ.ಇ. ಇನ್ಫೋ ಸಿಸ್ಟಮ್ಸ್ (ಮ್ಯಾಪ್‌ಮೈಇಂಡಿಯಾ) ಸಂಸ್ಥೆಯು ಬೆಂಗಳೂರಿನ ಓಲಾ ಎಲೆಕ್ಟ್ರಿಕ್ ಸಂಸ್ಥೆಗೆ 2024ರ ಜುಲೈಯಲ್ಲಿ ಕಾನೂನು ನೋಟೀಸು ನೀಡಿತು. ಸ್ಕೂಟರುಗಳಲ್ಲಿ ದಾರಿ ತೋರಿಸುವ ಸೌಲಭ್ಯಕ್ಕಾಗಿ 2021ರಲ್ಲಿ ಕೊಟ್ಟ ಪರವಾನಗಿಯ ಷರತ್ತುಗಳನ್ನು ಮೀರಿ, ತನ್ನ ದತ್ತಾಂಶವನ್ನು ನಕಲು ಮಾಡಿ ಓಲಾ ನಕಾಶೆಯ ನಿರ್ಮಾಣಕ್ಕೆ ಬಳಸಲಾಗಿದೆ ಎಂಬುದು ಅದರ ಆರೋಪ. ಪರವಾನಗಿ ಪಡೆದ ಉತ್ಪನ್ನವನ್ನು ಸ್ಪರ್ಧಾತ್ಮಕ ಉತ್ಪನ್ನದೊಂದಿಗೆ ಬೆರೆಸಬಾರದೆಂಬ ಷರತ್ತು ಒಪ್ಪಂದದಲ್ಲಿತ್ತೆಂದು ಅದು ಹೇಳಿತು. ಓಲಾ ಎಲೆಕ್ಟ್ರಿಕ್ ಈ ಆರೋಪಗಳನ್ನು ಸುಳ್ಳೆಂದೂ ದುರುದ್ದೇಶಪೂರಿತವೆಂದೂ ನಿರಾಕರಿಸಿತು. ಸಂಸ್ಥೆಯ ಷೇರುಗಳು ಸಾರ್ವಜನಿಕರಿಗೆ ಬಿಡುಗಡೆಯಾಗುವ ಹೊಸ್ತಿಲಲ್ಲಿ ಈ ನೋಟೀಸು ಬಂದದ್ದು ಗಮನಾರ್ಹ. ಯಾರ ವಾದ ಸರಿಯೆಂಬುದು ಇಲ್ಲಿ ಪ್ರಸ್ತುತವಲ್ಲ. ಮೂರು ವರ್ಷ ಹಳೆಯ ಕರಾರಿನ ಒಂದು ಷರತ್ತು ಉದ್ಯಮದ ಮಹತ್ವದ ಗಳಿಗೆಯಲ್ಲಿ ಎದ್ದು ನಿಲ್ಲಬಲ್ಲದು ಎಂಬುದೇ ಪಾಠ.

ಸಣ್ಣ ಘಟಕಗಳ ಮಟ್ಟದಲ್ಲಿ ಇದೇ ಪ್ರಶ್ನೆ ಬೇರೆ ರೂಪದಲ್ಲಿ ಬರುತ್ತದೆ. ಒಂದೇ ಕುಟುಂಬಕ್ಕೆ ಸೇರಿದ ಎರಡು-ಮೂರು ಸಂಸ್ಥೆಗಳು ಒಂದೇ ಕಛೇರಿಯಿಂದ ನಡೆಯುವುದು ನಮ್ಮ ಕಡೆ ಸಾಮಾನ್ಯ. ಪರವಾನಗಿ ಮಾತ್ರ ಒಂದೇ ಸಂಸ್ಥೆಯ ಹೆಸರಿನಲ್ಲಿ ಇರುತ್ತದೆ. ತಮ್ಮನ ಸಂಸ್ಥೆ ಅದನ್ನು ಬಳಸಿದರೆ ಅದು ಕರಾರಿನ ಉಲ್ಲಂಘನೆ. ಸಹಸಂಸ್ಥೆಗಳು, ಶಾಖೆಗಳು, ಲೆಕ್ಕಪರಿಶೋಧಕರು, ಸಲಹೆಗಾರರು – ಯಾರೆಲ್ಲ ಬಳಸಬಹುದೆಂಬುದನ್ನು ಹೆಸರಿಸಿಯೇ ಬರೆಯಿಸಿಕೊಳ್ಳಬೇಕು.

ಅವಧಿ ಮತ್ತು ಪ್ರದೇಶದ ವಿಷಯದಲ್ಲಿ ಕೃತಿಸ್ವಾಮ್ಯ ಕಾಯಿದೆ ಒಂದು ಪೂರ್ವಭಾವನೆಯನ್ನು ಇಟ್ಟುಕೊಂಡಿದೆ. ಕಾಯಿದೆಯ 30ಎ ಕಲಂ 19ನೇ ಕಲಮಿನ ನಿಯಮಗಳನ್ನು ಪರವಾನಗಿಗೂ ಅನ್ವಯಿಸುತ್ತದೆ. ಅದರಂತೆ ಕರಾರಿನಲ್ಲಿ ಅವಧಿ ಹೇಳಿರದಿದ್ದರೆ ಐದು ವರ್ಷವೆಂದೂ, ಪ್ರದೇಶ ಹೇಳಿರದಿದ್ದರೆ ಭಾರತವೆಂದೂ ತಿಳಿಯಬೇಕು. ಕೊಲ್ಲಿ ರಾಷ್ಟ್ರಗಳಲ್ಲಿ ಶಾಖೆ ಇಟ್ಟುಕೊಂಡಿರುವ ಮಂಗಳೂರಿನ ವ್ಯಾಪಾರಿಗಳಿಗೆ ಇದು ಮುಖ್ಯ. ಕರಾರು ಮೌನವಾಗಿದ್ದರೆ ದುಬೈ ಕಛೇರಿಯ ಬಳಕೆಗೆ ಆ ಪರವಾನಗಿ ಸಾಲದೆಂಬ ವಾದಕ್ಕೆ ಎಡೆಯಾಗುತ್ತದೆ.

ಮೂಲ ದತ್ತಾಂಶದಿಂದ ತಯಾರಿಸಿಕೊಂಡ ವರದಿ, ಕೋಷ್ಟಕ, ಅಂದಾಜುಗಳು ಯಾರವು ಎಂಬುದು ಇನ್ನೊಂದು ಅಂಶ. ಪರವಾನಗಿ ಮುಗಿದಾಗ 'ಎಲ್ಲ ಪ್ರತಿಗಳನ್ನೂ ಅಳಿಸತಕ್ಕದ್ದು' ಎಂಬ ಷರತ್ತು ಇದ್ದೇ ಇರುತ್ತದೆ. ಅದರಲ್ಲಿ ಘಟಕದ ಸ್ವಂತ ವರದಿಗಳೂ ಸೇರಿಹೋದರೆ ಹಿಂದಿನ ವರ್ಷಗಳ ವಿಶ್ಲೇಷಣೆಯೆಲ್ಲ ಕೈಬಿಟ್ಟುಹೋದಂತೆ. ತೆರಿಗೆ ಹಾಗೂ ಲೆಕ್ಕಪರಿಶೋಧನೆಗೆ ಬೇಕಾದ ಪ್ರತಿಗಳನ್ನು ಇಟ್ಟುಕೊಳ್ಳಲು, ಸ್ವಂತ ವರದಿಗಳನ್ನು ಉಳಿಸಿಕೊಳ್ಳಲು ಸ್ಪಷ್ಟ ಅನುಮತಿ ಇರಬೇಕು.

ಕೃತಕ ಬುದ್ಧಿಮತ್ತೆಯ ಸಾಧನಗಳು ಬಂದ ಮೇಲೆ ಹೊಸದೊಂದು ಷರತ್ತು ಕರಾರುಗಳಲ್ಲಿ ಕಾಣಿಸಿಕೊಂಡಿದೆ. ಪಡೆದ ದತ್ತಾಂಶವನ್ನು ಅಂಥ ಸಾಧನಗಳಿಗೆ ಉಣಿಸಬಾರದು ಎಂಬುದೇ ಅದು. ಸುದ್ದಿಸಂಸ್ಥೆ ಎ.ಎನ್.ಐ. ತನ್ನ ಸುದ್ದಿಗಳನ್ನು ಅನುಮತಿಯಿಲ್ಲದೆ ತರಬೇತಿಗೆ ಬಳಸಿಕೊಂಡಿದೆಯೆಂದು ಓಪನ್ಎಐ ವಿರುದ್ಧ 2024ರ ನವೆಂಬರ್‌ನಲ್ಲಿ ದೆಹಲಿ ಉಚ್ಚ ನ್ಯಾಯಾಲಯದಲ್ಲಿ ದಾವೆ ಹೂಡಿದ ಬಳಿಕ ಈ ಎಚ್ಚರ ಇನ್ನಷ್ಟು ಹೆಚ್ಚಿದೆ. ಕಛೇರಿಯ ಸಿಬ್ಬಂದಿ ದರಪಟ್ಟಿಯನ್ನು ಇಂಥ ಸಾಧನಕ್ಕೆ ಹಾಕಿ ಸಾರಾಂಶ ತೆಗೆಯುವುದೂ ಈ ಷರತ್ತಿನ ಉಲ್ಲಂಘನೆಯಾಗಬಹುದು.

ಹೆಸರು ಮತ್ತು ಮೊಬೈಲ್ ಸಂಖ್ಯೆಗಳ ಪಟ್ಟಿ

ಸರಕಿನ ಅಂಕಿ-ಅಂಶಕ್ಕಿಂತ ಅಪಾಯಕಾರಿಯಾದದ್ದು ಮನುಷ್ಯರ ಪಟ್ಟಿ. ಹೊಸ ಉತ್ಪನ್ನದ ಪ್ರಚಾರಕ್ಕೆಂದು ಸಾವಿರಾರು ಹೆಸರು-ಸಂಖ್ಯೆಗಳ ಪಟ್ಟಿಯನ್ನು ಅಗ್ಗದ ದರದಲ್ಲಿ ಪಡೆಯುವ ಅಭ್ಯಾಸ ಇನ್ನೂ ನಿಂತಿಲ್ಲ.

ಕರ್ನಾಟಕ ಉಚ್ಚ ನ್ಯಾಯಾಲಯದ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು ಹೂಡಿದ ಅರ್ಜಿಯಲ್ಲಿ ಸರ್ವೋಚ್ಚ ನ್ಯಾಯಾಲಯವು 2017ರ ಆಗಸ್ಟ್ 24ರಂದು ಖಾಸಗಿತನವು ಮೂಲಭೂತ ಹಕ್ಕು ಎಂದು ಘೋಷಿಸಿತು. ಆ ತೀರ್ಪಿನ ಮುಂದುವರಿಕೆಯಾಗಿ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯಿದೆ 2023ರಲ್ಲಿ ಅಂಗೀಕೃತವಾಯಿತು; ಅದರ ನಿಯಮಗಳು 2025ರ ನವೆಂಬರ್‌ನಲ್ಲಿ ಪ್ರಕಟವಾದವು. ಉದ್ಯಮಗಳ ಮೇಲಿನ ಮುಖ್ಯ ಹೊಣೆಗಳು ಪ್ರಕಟಣೆಯ 18 ತಿಂಗಳ ಬಳಿಕ ಜಾರಿಯಾಗುವಂತೆ ಅಧಿಸೂಚನೆಯಲ್ಲಿ ಹೇಳಲಾಗಿದೆ. ಈ ಕಾಲಾವಕಾಶವನ್ನು ಸಿದ್ಧತೆಗಾಗಿ ಕೊಟ್ಟದ್ದೆಂದು ತಿಳಿಯಬೇಕೇ ಹೊರತು ಹಳೆಯ ಪದ್ಧತಿ ಮುಂದುವರಿಸಲು ಅಲ್ಲ.

ಈ ಕಾಯಿದೆಯಡಿ ವ್ಯಕ್ತಿಯ ಮಾಹಿತಿಯನ್ನು ಯಾವ ಉದ್ದೇಶಕ್ಕೆ ಬಳಸಲಾಗುವುದೋ ಆ ಉದ್ದೇಶಕ್ಕೆ ಅವನ ಸಮ್ಮತಿ ಬೇಕು, ಅಥವಾ ಕಾಯಿದೆಯೇ ಹೇಳಿದ ಕೆಲವು ನ್ಯಾಯಬದ್ಧ ಬಳಕೆಗಳಲ್ಲಿ ಅದು ಸೇರಿರಬೇಕು. ಬೇರಾವುದೋ ಅಂಗಡಿಯಲ್ಲಿ ರಸೀತಿಗಾಗಿ ಕೊಟ್ಟ ಸಂಖ್ಯೆಯು ಮೂರನೆಯವರ ಪ್ರಚಾರಕ್ಕೆ ಕೊಟ್ಟ ಸಮ್ಮತಿ ಆಗುವುದಿಲ್ಲ. ವ್ಯಕ್ತಿ ತಾನಾಗಿ ಸಾರ್ವಜನಿಕಗೊಳಿಸಿದ ಮಾಹಿತಿಗೆ ಕಾಯಿದೆ ಅನ್ವಯಿಸದೆಂಬುದು ನಿಜ. ಆದರೆ ಪಟ್ಟಿಯ ಪ್ರತಿಯೊಂದು ಹೆಸರೂ ಹಾಗೆ ಬಂದದ್ದೆಂದು ತೋರಿಸುವ ಹೊಣೆ ಬಳಸಿದವರ ತಲೆಗೇ ಬರುವುದು. ಸಂಸ್ಕರಣೆಯ ಕೆಲಸವನ್ನು ಹೊರಗಿನವರಿಗೆ ವಹಿಸಿದ್ದರೂ, ಕರಾರಿನಲ್ಲಿ ಏನೇ ಬರೆದಿದ್ದರೂ, ಕಾಯಿದೆಯ ಪಾಲನೆಯ ಹೊಣೆ ಉದ್ದೇಶವನ್ನು ನಿರ್ಧರಿಸಿದ ಸಂಸ್ಥೆಯದ್ದೇ ಎಂದು 8ನೇ ಕಲಂ ಹೇಳುತ್ತದೆ. ಸೂಕ್ತ ಭದ್ರತೆ ಒದಗಿಸದಿದ್ದಲ್ಲಿ 250 ಕೋಟಿ ರೂಪಾಯಿವರೆಗೆ ದಂಡ ವಿಧಿಸಲು ಅವಕಾಶವಿದೆ. ಈ ಗರಿಷ್ಠ ಮೊತ್ತ ಸಣ್ಣ ಘಟಕಗಳಿಗೆ ವಿಧಿಸಲ್ಪಡುವ ಸಂಭವ ಕಡಿಮೆಯಾದರೂ, ಅದರ ಅತ್ಯಲ್ಪ ಅಂಶವೂ ಒಂದು ಘಟಕದ ಬಾಗಿಲು ಮುಚ್ಚಿಸಲು ಸಾಕು.

ಸಂದೇಶ ಕಳುಹಿಸುವುದಕ್ಕೂ ಪ್ರತ್ಯೇಕ ಕಟ್ಟುಪಾಡುಗಳಿವೆ. ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರದ 2018ರ ವಿನಿಯಮಗಳ ಪ್ರಕಾರ ವಾಣಿಜ್ಯ ಸಂದೇಶ ಕಳುಹಿಸುವ ಸಂಸ್ಥೆಯು ದೂರಸಂಪರ್ಕ ಕಂಪನಿಗಳಲ್ಲಿ ತನ್ನ ಹೆಸರು, ಶಿರೋನಾಮೆ ಮತ್ತು ಸಂದೇಶದ ಮಾದರಿಯನ್ನು ನೋಂದಾಯಿಸಬೇಕು. ಇನ್ನು ವ್ಯಾಪಾರಿಯೊಬ್ಬನ ಸಾಲದ ಇತಿಹಾಸ ತರಿಸಿಕೊಡುತ್ತೇವೆಂದು ಹೇಳುವ ಮಧ್ಯವರ್ತಿಗಳಿಂದ ದೂರವಿರುವುದೇ ಲೇಸು. ಸಾಲ ಮಾಹಿತಿ ಕಂಪನಿಗಳ (ನಿಯಂತ್ರಣ) ಕಾಯಿದೆ, 2005 ಅನಧಿಕೃತವಾಗಿ ಇಂಥ ವಿವರ ಪಡೆಯುವುದನ್ನು ನಿಷೇಧಿಸಿದೆ.

ತಪ್ಪು ಮಾಹಿತಿಯ ನಷ್ಟ ಯಾರದು?

ದತ್ತಾಂಶ ಸಕ್ರಮವೂ ಆಗಿದ್ದು ತಪ್ಪಾಗಿದ್ದರೆ? ಹೆಚ್ಚಿನ ಸರಬರಾಜುದಾರರು 'ಇದ್ದಂತೆಯೇ ಒದಗಿಸಲಾಗಿದೆ, ನಿಖರತೆಗೆ ಜವಾಬ್ದಾರಿಯಿಲ್ಲ' ಎಂಬ ಷರತ್ತನ್ನು ಹಾಕಿರುತ್ತಾರೆ. ತಪ್ಪು ದರವನ್ನು ನಂಬಿ ಹಡಗಿನ ತುಂಬ ಸರಕು ತರಿಸಿದವನ ನಷ್ಟಕ್ಕೆ ಪರಿಹಾರ ಕೇಳಿದರೆ, ಹೊಣೆಯ ಮಿತಿ ಒಂದು ವರ್ಷದ ಚಂದಾ ಮೊತ್ತ ಎಂಬ ಇನ್ನೊಂದು ಷರತ್ತು ಎದುರಾಗುತ್ತದೆ. ಕರಾರಿನಲ್ಲಿ ಬರೆದಿರುವ ಇಂಥ ಮಿತಿಯನ್ನು ದಾಟಿ ನ್ಯಾಯಾಲಯದಿಂದ ಹೆಚ್ಚಿನದನ್ನು ಪಡೆಯುವುದು ಸುಲಭವಲ್ಲ.

ಸಣ್ಣ ಗ್ರಾಹಕನ ಮಾತಿಗೆ ದೊಡ್ಡ ಸರಬರಾಜುದಾರರು ಮುದ್ರಿತ ಕರಾರನ್ನು ಬದಲಿಸರೆಂಬುದು ನಿಜವಾದರೂ, ಮೂರು ಅಂಶಗಳನ್ನು ಪಟ್ಟುಹಿಡಿದು ಕೇಳಬಹುದು. ದತ್ತಾಂಶವನ್ನು ಕಾನೂನುಬದ್ಧವಾಗಿ ಸಂಗ್ರಹಿಸಲಾಗಿದೆ ಮತ್ತು ಪರವಾನಗಿ ಕೊಡುವ ಹಕ್ಕು ತನಗಿದೆ ಎಂಬ ಭರವಸೆ ಮೊದಲನೆಯದು. ಆ ಭರವಸೆ ಸುಳ್ಳಾಗಿ ಮೂರನೆಯವರು ದಾವೆ ಹೂಡಿದರೆ ನಷ್ಟ ತುಂಬಿಕೊಡುವ ವಾಗ್ದಾನ ಎರಡನೆಯದು. ಇದು ಕರಾರು ಕಾಯಿದೆಯ 124ನೇ ಕಲಮಿನ ನಷ್ಟಭರ್ತಿ ಕರಾರು. ಆ ವಾಗ್ದಾನಕ್ಕೆ ಹೊಣೆಯ ಮಿತಿ ಅನ್ವಯಿಸದೆಂಬ ವಾಕ್ಯ ಮೂರನೆಯದು. ಮೂರನೆಯದಿಲ್ಲದಿದ್ದರೆ ಮೊದಲ ಎರಡಕ್ಕೆ ಹೆಚ್ಚಿನ ಬೆಲೆಯಿಲ್ಲ. ಇಷ್ಟನ್ನೂ ಕೊಡಲೊಲ್ಲದ ಸರಬರಾಜುದಾರನಿಗೆ ತನ್ನ ಸರಕಿನ ಮೇಲೆ ತನಗೇ ವಿಶ್ವಾಸವಿಲ್ಲವೆಂದು ತಿಳಿಯಬಹುದು.

ತೆರಿಗೆಯ ಮಗ್ಗುಲು

ವಿದೇಶಿ ಸಂಸ್ಥೆಗೆ ಪಾವತಿಸುವ ಚಂದಾ ಹಣದಿಂದ ಮೂಲದಲ್ಲೇ ತೆರಿಗೆ ಕಡಿತ ಮಾಡಬೇಕೇ ಎಂಬ ಪ್ರಶ್ನೆ ಕರ್ನಾಟಕದಲ್ಲಿ ದೀರ್ಘಕಾಲ ಚರ್ಚೆಗೆ ಒಳಗಾಗಿತ್ತು. ಗಾರ್ಟ್ನರ್ ಸಂಸ್ಥೆಯ ದತ್ತಸಂಚಯವನ್ನು ನೋಡಲು ಬೆಂಗಳೂರಿನ ವಿಪ್ರೋ ಪಾವತಿಸಿದ ಚಂದಾ ಹಣವು 'ರಾಯಲ್ಟಿ' ಎಂದೂ, ಅದರಿಂದ ತೆರಿಗೆ ಕಡಿತ ಮಾಡಬೇಕಿತ್ತೆಂದೂ ಕರ್ನಾಟಕ ಉಚ್ಚ ನ್ಯಾಯಾಲಯ 2011ರಲ್ಲಿ ತೀರ್ಪಿತ್ತಿತ್ತು. ತಂತ್ರಾಂಶ ಖರೀದಿಯ ಬಗ್ಗೆ ಅದೇ ವರ್ಷ ಸ್ಯಾಮ್‌ಸಂಗ್ ಪ್ರಕರಣದಲ್ಲಿ ಕೊಟ್ಟ ತೀರ್ಪಿನ ತರ್ಕವೇ ಇದಕ್ಕೂ ಆಧಾರ. ಎಂಜಿನಿಯರಿಂಗ್ ಅನಾಲಿಸಿಸ್ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವು 2021ರ ಮಾರ್ಚ್ 2ರಂದು ಆ ತರ್ಕವನ್ನು ಒಪ್ಪಲಿಲ್ಲ. ಕೃತಿಸ್ವಾಮ್ಯದ ಹಕ್ಕು ವರ್ಗಾವಣೆಯಾಗದೆ ಬರಿಯ ಬಳಕೆಗೆ ಕೊಟ್ಟ ತಂತ್ರಾಂಶದ ಬೆಲೆಯು ದ್ವಿತೆರಿಗೆ ತಡೆ ಒಪ್ಪಂದಗಳಡಿ ರಾಯಲ್ಟಿ ಅಲ್ಲ ಎಂದಿತು.

ಆದ್ದರಿಂದ ಕರಾರಿನಲ್ಲಿ ಕೊಟ್ಟಿರುವ ಹಕ್ಕು ಎಂಥದ್ದು ಎಂಬುದರ ಮೇಲೆ ತೆರಿಗೆಯೂ ನಿಂತಿದೆ. ವಿದೇಶಿ ಸರಬರಾಜುದಾರನ ತೆರಿಗೆ ನಿವಾಸ ಪ್ರಮಾಣಪತ್ರವನ್ನು ಪಡೆದಿಟ್ಟುಕೊಂಡು, ಹಣ ರವಾನಿಸುವ ಮೊದಲೇ ಲೆಕ್ಕಪರಿಶೋಧಕರ ಸಲಹೆ ಪಡೆಯುವುದು ಅಗತ್ಯ. ಸರಕು ಮತ್ತು ಸೇವಾ ತೆರಿಗೆಯಡಿ ನೋಂದಾಯಿತ ಉದ್ಯಮವು ವಿದೇಶದಿಂದ ಇಂಥ ಸೇವೆ ಪಡೆದರೆ ತೆರಿಗೆಯನ್ನು ತಾನೇ ಕಟ್ಟುವ ಹೊಣೆ ಇರುತ್ತದೆಂಬುದನ್ನೂ ಮರೆಯಬಾರದು.

ವಿವಾದ ಎಲ್ಲಿ ನಡೆಯಬೇಕು?

ಕರಾರಿನ ಕೊನೆಯ ಪುಟದಲ್ಲಿ ಸಣ್ಣ ಅಕ್ಷರಗಳಲ್ಲಿ ಇರುವ ನ್ಯಾಯವ್ಯಾಪ್ತಿಯ ಷರತ್ತನ್ನು ಯಾರೂ ಓದುವುದಿಲ್ಲ. ಸ್ವಸ್ತಿಕ್ ಗ್ಯಾಸಸ್ ವಿರುದ್ಧ ಇಂಡಿಯನ್ ಆಯಿಲ್ ಪ್ರಕರಣದಲ್ಲಿ ಕರಾರಿನಲ್ಲಿ ಕೋಲ್ಕತ್ತದ ನ್ಯಾಯಾಲಯಗಳನ್ನು ಹೆಸರಿಸಲಾಗಿತ್ತು. 'ಮಾತ್ರ' ಎಂಬ ಶಬ್ದ ಅದರಲ್ಲಿ ಇರದಿದ್ದರೂ ಜೈಪುರದ ಸಂಸ್ಥೆ ಕೋಲ್ಕತ್ತಕ್ಕೇ ಹೋಗಬೇಕೆಂದು ಸರ್ವೋಚ್ಚ ನ್ಯಾಯಾಲಯ 2013ರಲ್ಲಿ ಹೇಳಿತು. ಮುಂಬಯಿ ಅಥವಾ ದೆಹಲಿಯ ನ್ಯಾಯಾಲಯವನ್ನು ಒಪ್ಪಿ ಗುಂಡಿ ಒತ್ತಿದ ಬೈಕಂಪಾಡಿಯ ಘಟಕವು ಸಣ್ಣ ಮೊತ್ತದ ಚಂದಾ ವಾಪಸಾತಿಗಾಗಿ ಅಷ್ಟು ದೂರ ಹೋಗಿ ಬರುವ ಖರ್ಚು ಚಂದಾವನ್ನೇ ಮೀರಬಹುದು. ಗುಂಡಿ ಒತ್ತಿ ಮಾಡಿದ ಕರಾರು ಕರಾರಲ್ಲ ಎಂಬ ವಾದಕ್ಕೂ ಆಸ್ಪದವಿಲ್ಲ. ವಿದ್ಯುನ್ಮಾನ ರೂಪದ್ದೆಂಬ ಕಾರಣದಿಂದಲೇ ಕರಾರು ಅಸಿಂಧುವಾಗದೆಂದು ಮಾಹಿತಿ ತಂತ್ರಜ್ಞಾನ ಕಾಯಿದೆಯ 10ಎ ಕಲಂ ಹೇಳಿದೆ.

ವಿವಾದದ ಮೌಲ್ಯ ಮೂರು ಲಕ್ಷ ರೂಪಾಯಿ ಅಥವಾ ಅದಕ್ಕಿಂತ ಹೆಚ್ಚಿದ್ದು ವಾಣಿಜ್ಯ ನ್ಯಾಯಾಲಯಗಳ ಕಾಯಿದೆ, 2015ರ ವ್ಯಾಪ್ತಿಗೆ ಬಂದರೆ, ತುರ್ತು ಪರಿಹಾರ ಬೇಕಾದ ಸಂದರ್ಭ ಹೊರತು, ದಾವೆಗೆ ಮೊದಲು ಸಂಧಾನ ಕಡ್ಡಾಯ. ಕಾಗದದ ಮೇಲೆ ಬರೆದ ಕರಾರಿಗೆ ಕರ್ನಾಟಕ ಸ್ಟಾಂಪು ಕಾಯಿದೆ, 1957ರಂತೆ ತಕ್ಕ ಸ್ಟಾಂಪು ಇರದಿದ್ದರೆ, ಕೊರತೆ ಮೊತ್ತ ಮತ್ತು ದಂಡ ಕಟ್ಟುವವರೆಗೆ 34ನೇ ಕಲಮಿನ ಪ್ರಕಾರ ಅದನ್ನು ಸಾಕ್ಷ್ಯವಾಗಿ ಸ್ವೀಕರಿಸುವುದಿಲ್ಲ.

ಉಚಿತವಾಗಿ ದೊರೆಯುವುದಕ್ಕೆ ಹಣ ಏಕೆ?

ಹಣ ಕೊಡುವ ಮೊದಲು ಅದೇ ಮಾಹಿತಿ ಸರ್ಕಾರದಿಂದ ದೊರೆಯುವುದೇ ಎಂದು ನೋಡುವುದು ವಿವೇಕ. ಕೇಂದ್ರ ವಾಣಿಜ್ಯ ಸಚಿವಾಲಯದ ಆಮದು-ರಫ್ತು ದತ್ತಾಂಶ ಭಂಡಾರದಲ್ಲಿ ಸರಕಿನ ಸಂಕೇತ ಸಂಖ್ಯೆ ಹಾಗೂ ದೇಶವಾರು ಒಟ್ಟು ಪ್ರಮಾಣ ಮತ್ತು ಮೌಲ್ಯ ದೊರೆಯುತ್ತದೆ. ಸಿಪ್ಪೆಸಹಿತ ಗೇರುಬೀಜಕ್ಕೆ 080131, ತಿರುಳಿಗೆ 080132 ಎಂಬ ಸಂಕೇತಗಳಿಂದ ಹುಡುಕಬಹುದು. ವ್ಯಾಪಾರಿಗಳ ಹೆಸರು ಅಲ್ಲಿರುವುದಿಲ್ಲ, ನಿಜ. ಆದರೆ ಮೌಲ್ಯವನ್ನು ಪ್ರಮಾಣದಿಂದ ಭಾಗಿಸಿದರೆ ಸರಾಸರಿ ದರದ ಅಂದಾಜು ಸಿಗುತ್ತದೆ. ಕೃಷಿ ಮಾರುಕಟ್ಟೆಗಳ ದೈನಿಕ ದರಗಳು ಅಗ್‌ಮಾರ್ಕ್‌ನೆಟ್‌ನಲ್ಲಿವೆ. ಸರ್ಕಾರದ ಮುಕ್ತ ದತ್ತಾಂಶ ಪರವಾನಗಿ, 2017ರ ಅಡಿ ಬಿಡುಗಡೆಯಾದ ದತ್ತಾಂಶವನ್ನು ಮೂಲ ನಮೂದಿಸಿ ವಾಣಿಜ್ಯ ಉದ್ದೇಶಕ್ಕೂ ಬಳಸಬಹುದು. ಇದೇ ಅಂಕಿಗಳನ್ನು ಬಣ್ಣದ ನಕ್ಷೆಗಳಲ್ಲಿ ಜೋಡಿಸಿ ಮಾರುವವರಿದ್ದಾರೆ. ಜೋಡಣೆಗೆ ಬೆಲೆ ಕೊಡುವುದು ತಪ್ಪಲ್ಲ. ಆದರೆ ಬೆಲೆ ಕೊಡುತ್ತಿರುವುದು ಜೋಡಣೆಗೆ ಎಂಬುದು ತಿಳಿದಿರಬೇಕು.

ಸಹಿಗೆ ಮುನ್ನ ಪರಿಶೀಲಿಸಬೇಕಾದವು

1. ದತ್ತಾಂಶದ ಮೂಲ ಯಾವುದು, ಯಾವ ಕಾನೂನು ಅಥವಾ ಒಪ್ಪಂದದ ಬಲದಿಂದ ಸಂಗ್ರಹಿಸಲಾಯಿತು ಎಂಬುದು ಲಿಖಿತವಾಗಿದೆಯೇ?
2. ವ್ಯಕ್ತಿಗಳ ಹೆಸರು, ಸಂಖ್ಯೆ ಇದ್ದರೆ ಅವರ ಸಮ್ಮತಿಯ ದಾಖಲೆ ತೋರಿಸಬಲ್ಲರೇ?
3. ಬಳಸಬಹುದಾದ ಸಂಸ್ಥೆಗಳು, ಶಾಖೆಗಳು, ದೇಶಗಳು ಮತ್ತು ಉದ್ದೇಶಗಳನ್ನು ಹೆಸರಿಸಲಾಗಿದೆಯೇ?
4. ಸ್ವಂತ ವರದಿಗಳನ್ನು ಅವಧಿ ಮುಗಿದ ಮೇಲೂ ಉಳಿಸಿಕೊಳ್ಳಬಹುದೇ?
5. ನಷ್ಟಭರ್ತಿಯ ವಾಗ್ದಾನವಿದೆಯೇ, ಅದು ಹೊಣೆಯ ಮಿತಿಯಿಂದ ಹೊರಗಿದೆಯೇ?
6. ತಾನಾಗಿ ನವೀಕರಣವಾಗುವ ಷರತ್ತಿದ್ದರೆ ಬೇಡವೆಂದು ತಿಳಿಸಲು ಕೊನೆಯ ದಿನ ಯಾವುದು?
7. ಸೇವೆ ನಡುವೆ ನಿಂತರೆ ಉಳಿದ ಅವಧಿಯ ಹಣ ವಾಪಸು ಬರುವುದೇ? ಮುಂಗಡದ ಬದಲು ತ್ರೈಮಾಸಿಕ ಪಾವತಿ ಸಾಧ್ಯವೇ?
8. ನ್ಯಾಯವ್ಯಾಪ್ತಿ ಮಂಗಳೂರಿನಲ್ಲಿದೆಯೇ? ಅಲ್ಲವಾದರೆ ಆ ಖರ್ಚು ಲೆಕ್ಕಕ್ಕೆ ಬಂದಿದೆಯೇ?

ಈ ಎಂಟು ಪ್ರಶ್ನೆಗಳಿಗೆ ಉತ್ತರ ಪಡೆಯಲು ಒಂದು ಇ-ಮೇಲ್ ಸಾಕು. ಉತ್ತರವಾಗಿ ಬಂದ ಪತ್ರವನ್ನು ಕರಾರಿನ ಜೊತೆಗೆ ಜೋಪಾನವಾಗಿ ಇಡಬೇಕು. ಮುಂದೊಂದು ದಿನ ವಿವಾದ ಎದ್ದರೆ, ಘಟಕವು ಎಚ್ಚರಿಕೆಯಿಂದ ವರ್ತಿಸಿತ್ತೆಂದು ತೋರಿಸುವ ದಾಖಲೆ ಅದೇ ಆಗುವುದು. ಬಂದರಿಗೆ ಬಂದ ಸರಕನ್ನು ಬಿಡಿಸಿಕೊಳ್ಳುವಾಗ ಮೂಲ ಪ್ರಮಾಣಪತ್ರ ಕೇಳುವುದು ಇಲ್ಲಿಯ ವ್ಯಾಪಾರಿಗಳಿಗೆ ರೂಢಿಯಾಗಿದೆ. ಕಣ್ಣಿಗೆ ಕಾಣದ ಈ ಸರಕಿಗೂ ಅದೇ ರೂಢಿಯನ್ನು ಅನ್ವಯಿಸಿಕೊಂಡರೆ ಅರ್ಧ ತೊಂದರೆ ತಪ್ಪಿದಂತೆಯೇ ಸರಿ.